ರಾಮ್ಸೆ ಸೋದರರ ದೆವ್ವಗಳಿಗೆ ಇನ್ನೂ ಯಾಕಿಷ್ಟು ಅಭಿಮಾನಿಗಳು? ಕಡಿಮೆ ಬಜೆಟ್ ಹಾರರ್ ಸಿನಿಮಾಗಳ ಗುಟ್ಟು ಇದು

ಪಾಳುಬಿದ್ದ ಹವೇಲಿ, ಕಿರ್ರೆನ್ನುವ ಬಾಗಿಲು, ಎಲ್ಲಿಂದಲೋ ತೇಲಿ ಬರುವ ಹೊಗೆ, ಲಾಟೀನು ಹಿಡಿದು ನಡುಗುವ ಕಾವಲುಗಾರ. ಅವನ ಬೆನ್ನ ಹಿಂದೆ ಒಂದು ಆಜಾನುಬಾಹು ಆಕೃತಿ. ಮುಂದೇನಾಗುತ್ತದೆ ಎಂದು ಎಲ್ಲರಿಗೂ ಗೊತ್ತು. ರಾಕ್ಷಸನ ಮುಖ ಬರೀ ಮೇಕಪ್ ಎಂಬುದೂ ಗೊತ್ತು. ಆದರೂ ಅವನ ಕೈ ಕಾವಲುಗಾರನ ಹೆಗಲ ಮೇಲೆ ಬಿದ್ದಾಗ ನಾವು ಬೆಚ್ಚಿಬೀಳುತ್ತೇವೆ. ಮರುಕ್ಷಣವೇ ನಗುತ್ತೇವೆ.

ಎಂಬತ್ತರ ದಶಕದಲ್ಲಿ ಇಂಥ ಸಿನಿಮಾಗಳನ್ನು ವಿಮರ್ಶಕರು ಗಂಭೀರವಾಗಿ ಪರಿಗಣಿಸಲೇ ಇಲ್ಲ. ದೊಡ್ಡ ತಾರೆಯರು ಅತ್ತ ತಲೆ ಹಾಕಲಿಲ್ಲ. ಆದರೆ ಆ ಕಾಲದ ಅದೆಷ್ಟೋ ಅದ್ದೂರಿ ಚಿತ್ರಗಳನ್ನು ಜನ ಮರೆತಿದ್ದರೂ 'ಪುರಾನಾ ಮಂದಿರ್', 'ವೀರಾನಾ' ಹೆಸರು ಮರೆತಿಲ್ಲ. ಇಷ್ಟಕ್ಕೂ ಅಗ್ಗದ ಹಾರರ್ ಸಿನಿಮಾದಲ್ಲಿ ಅಂಥದ್ದೇನಿದೆ? ಮುಂಬೈನ ರಾಮ್ಸೆ ಸೋದರರ ಕಥೆಯನ್ನೇ ಹಿಡಿದು ಹೊರಟರೆ ಉತ್ತರದ ಬಹುಪಾಲು ಸಿಗುತ್ತದೆ.

ಏನಿದು ಎಕ್ಸ್‌ಪ್ಲಾಯ್ಟೇಷನ್ ಸಿನಿಮಾ?

ಹೆಸರು ದೊಡ್ಡದು, ಲೆಕ್ಕ ಸರಳ. ಸಾಮಾನ್ಯವಾಗಿ ಒಂದು ಸಿನಿಮಾ ಮಾರಾಟವಾಗುವುದು ತಾರೆಯರ ಮುಖ ನೋಡಿ. ತಾರೆ ಇಲ್ಲದವರು ಏನು ಮಾರಬೇಕು? ಜನರ ಕುತೂಹಲವನ್ನು. ದೆವ್ವ, ರಕ್ತ, ಮೈಮಾಟ, ನಿಷಿದ್ಧ ಎನಿಸಿಕೊಂಡ ಯಾವುದೋ ಒಂದು ವಿಷಯವನ್ನು ಪೋಸ್ಟರ್ ಮೇಲೆ ಎದ್ದು ಕಾಣುವಂತೆ ಹಾಕಿ ಅದನ್ನೇ ಬಂಡವಾಳ ಮಾಡಿಕೊಳ್ಳುವ ಚಿತ್ರಗಳಿಗೆ ಎಕ್ಸ್‌ಪ್ಲಾಯ್ಟೇಷನ್ ಸಿನಿಮಾ ಎಂಬ ಹೆಸರು ಬಂತು.

ಇವುಗಳಲ್ಲಿ ಹಾರರ್‌ಗೆ ಯಾವಾಗಲೂ ಮೊದಲ ಸ್ಥಾನ. ಕಾರಣ, ಭಯ ಹುಟ್ಟಿಸಲು ಹಣ ಬೇಕಿಲ್ಲ. ಕತ್ತಲೆ ಪುಕ್ಕಟೆ ಸಿಗುತ್ತದೆ. ಅಮೆರಿಕದ ಜಾರ್ಜ್ ರೊಮೆರೊ 1968ರಲ್ಲಿ 'ನೈಟ್ ಆಫ್ ದಿ ಲಿವಿಂಗ್ ಡೆಡ್' ಮಾಡಿದ್ದು ಸುಮಾರು 1.14 ಲಕ್ಷ ಡಾಲರ್‌ನಲ್ಲಿ. ಕಪ್ಪು ಬಿಳುಪು ಚಿತ್ರವಾದ್ದರಿಂದ ರಕ್ತದ ಬದಲು ಚಾಕೊಲೇಟ್ ಸಿರಪ್ ಬಳಸಿದರು. 1978ರ 'ಹ್ಯಾಲೋವೀನ್' ಚಿತ್ರದ ಕೊಲೆಗಾರ ಹಾಕಿಕೊಂಡಿದ್ದು ಅಂಗಡಿಯಲ್ಲಿ ಸಿಗುತ್ತಿದ್ದ 'ಸ್ಟಾರ್ ಟ್ರೆಕ್' ನಾಯಕನ ಮುಖವಾಡ. ಅದಕ್ಕೇ ಬಿಳಿ ಬಣ್ಣ ಬಳಿದರು. ಓರೆನ್ ಪೆಲಿ ತನ್ನ ಸ್ವಂತ ಮನೆಯಲ್ಲೇ ಸುಮಾರು 15 ಸಾವಿರ ಡಾಲರ್‌ನಲ್ಲಿ ಚಿತ್ರೀಕರಿಸಿದ 'ಪ್ಯಾರಾನಾರ್ಮಲ್ ಆಕ್ಟಿವಿಟಿ' ಜಗತ್ತಿನಾದ್ಯಂತ 19 ಕೋಟಿ ಡಾಲರ್‌ಗೂ ಹೆಚ್ಚು ಗಳಿಸಿತು.

ಇಂಥದ್ದೇ ಲೆಕ್ಕಾಚಾರವನ್ನು ನಮ್ಮಲ್ಲಿ ಮಾಡಿದ್ದು ಮುಂಬೈನ ಒಂದು ಕುಟುಂಬ.

ಲ್ಯಾಮಿಂಗ್ಟನ್ ರಸ್ತೆಯ ರೇಡಿಯೋ ಅಂಗಡಿ

ಎಲೆಕ್ಟ್ರಾನಿಕ್ ಸಾಮಾನು ಬೇಕೆಂದರೆ ಮುಂಬೈ ಮಂದಿ ಇವತ್ತಿಗೂ ಹೋಗುವುದು ಲ್ಯಾಮಿಂಗ್ಟನ್ ರಸ್ತೆಗೆ. ದೇಶ ವಿಭಜನೆಯ ನಂತರ ಕರಾಚಿಯಿಂದ ಬಂದ ಫತೇಚಂದ್ ರಾಮ್‌ಸಿಂಘಾನಿ ರೇಡಿಯೋ ಅಂಗಡಿ ಇಟ್ಟಿದ್ದು ಇಲ್ಲೇ. ಕರಾಚಿಯಲ್ಲಿದ್ದಾಗ ಬ್ರಿಟಿಷ್ ಗಿರಾಕಿಗಳ ನಾಲಿಗೆಗೆ ಈ ಹೆಸರು ಹೊರಳದೆ 'ರಾಮ್ಸೆ' ಆಯಿತಂತೆ. ಅದೇ ಮನೆತನದ ಹೆಸರಾಗಿ ಉಳಿಯಿತು.

ಅಂಗಡಿಯ ಜೊತೆಗೆ ಅವರು ಸಿನಿಮಾ ನಿರ್ಮಾಣಕ್ಕೂ ಕೈ ಹಾಕಿದರು. 1954ರಲ್ಲಿ ಭಗತ್ ಸಿಂಗ್ ಕುರಿತ ಚಿತ್ರ, 1963ರಲ್ಲಿ ಪೃಥ್ವಿರಾಜ್ ಕಪೂರ್ ಮತ್ತು ಸುರೈಯಾ ಅಭಿನಯದ 'ರುಸ್ತುಂ ಸೊಹ್ರಾಬ್'. 1970ರ 'ಏಕ್ ನನ್ಹೀ ಮುನ್ನೀ ಲಡ್ಕೀ ಥೀ' ಸೋತಿತು. ಆದರೆ ಇಡೀ ಕುಟುಂಬದ ದಿಕ್ಕು ಬದಲಿಸಿದ್ದು ಈ ಸೋತ ಚಿತ್ರವೇ.

ಅದರಲ್ಲೊಂದು ದೃಶ್ಯವಿದೆ. ಪೃಥ್ವಿರಾಜ್ ಕಪೂರ್ ಭಯಂಕರ ಮುಖವಾಡ ತೊಟ್ಟು ಮ್ಯೂಸಿಯಂ ದರೋಡೆಗೆ ಇಳಿಯುತ್ತಾರೆ. ಚಿತ್ರಮಂದಿರಕ್ಕೆ ಹೋಗಿ ಜನರ ಪ್ರತಿಕ್ರಿಯೆ ಗಮನಿಸಿದ ತುಳಸಿ ಮತ್ತು ಶ್ಯಾಮ್ ರಾಮ್ಸೆಗೆ ಒಂದು ವಿಷಯ ಹೊಳೆಯಿತು. ಉಳಿದ ಸಿನಿಮಾ ಯಾರಿಗೂ ಬೇಕಾಗಿಲ್ಲ, ಆದರೆ ಆ ಕೆಲವು ನಿಮಿಷ ಇಡೀ ಚಿತ್ರಮಂದಿರ ಎದ್ದು ಕೂರುತ್ತದೆ. ಹಾಗಾದರೆ ಇಡೀ ಸಿನಿಮಾವನ್ನೇ ಆ ದೃಶ್ಯದ ಹಾಗೆ ಮಾಡಿದರೆ?

ಮಾರುಕಟ್ಟೆ ಸಮೀಕ್ಷೆ ಎಂಬ ಪದ ಸಿನಿಮಾದವರ ಬಾಯಲ್ಲಿ ಇನ್ನೂ ಬರದ ಕಾಲದಲ್ಲಿ ಅವರು ಮಾಡಿದ್ದು ಅದನ್ನೇ.

ಮಹಾಬಲೇಶ್ವರದಲ್ಲಿ 40 ದಿನ

ಏಳು ಮಂದಿ ಅಣ್ಣತಮ್ಮಂದಿರು. ಯಾರೂ ಫಿಲ್ಮ್ ಶಾಲೆಗೆ ಹೋದವರಲ್ಲ. ಜೋಸೆಫ್ ಮ್ಯಾಸೆಲ್ಲಿ ಬರೆದ ಛಾಯಾಗ್ರಹಣದ ಒಂದು ಪಠ್ಯಪುಸ್ತಕ ಇಟ್ಟುಕೊಂಡು ಕಾಶ್ಮೀರದ ದೋಣಿಮನೆಯಲ್ಲಿ ಕುಳಿತು ಅವರೇ ಕಲಿತರು. ನಂತರ ಕೆಲಸ ಹಂಚಿಕೊಂಡರು. ಕುಮಾರ್‌ಗೆ ಚಿತ್ರಕಥೆ, ಗಂಗುಗೆ ಕ್ಯಾಮೆರಾ, ಕಿರಣ್‌ಗೆ ಧ್ವನಿ, ಅರ್ಜುನ್‌ಗೆ ಸಂಕಲನ, ಕೇಶುಗೆ ನಿರ್ಮಾಣದ ಓಡಾಟ, ತುಳಸಿ ಮತ್ತು ಶ್ಯಾಮ್‌ಗೆ ನಿರ್ದೇಶನ. ಸಂಬಳ ಕೊಡಬೇಕಾದ ತಂತ್ರಜ್ಞರೇ ಇಲ್ಲ ಎಂದಾದರೆ ಬಜೆಟ್ ಅರ್ಧಕ್ಕರ್ಧ ಇಳಿದಂತೆ.

1972ರ 'ದೋ ಗಜ್ ಜಮೀನ್ ಕೆ ನೀಚೆ' ಚಿತ್ರಕ್ಕೆ ಇಡೀ ಕುಟುಂಬ ಬಸ್ಸು ಹತ್ತಿ ಮಹಾಬಲೇಶ್ವರಕ್ಕೆ ಹೋಯಿತು. ಸರ್ಕಾರಿ ಅತಿಥಿಗೃಹದಲ್ಲಿ ವಾಸ. ಮನೆಯ ಹೆಂಗಸರದ್ದೇ ಅಡುಗೆ. ಹತ್ತಿರದಲ್ಲೇ ಚಿತ್ರೀಕರಣ. ಸುಮಾರು 40 ದಿನಗಳಲ್ಲಿ ಕೆಲಸ ಮುಗಿಯಿತು. ಖರ್ಚಾಗಿದ್ದು ಮೂರೂವರೆ ಲಕ್ಷ ರೂಪಾಯಿ ಎಂದು ಕುಟುಂಬದವರು ಹೇಳಿಕೊಂಡಿದ್ದಾರೆ. ಚಿತ್ರ ಗೆದ್ದಿತು. ಸೆಟ್ ಹಾಕಬೇಡಿ, ತಾರೆಯರ ಡೇಟ್‌ಗಾಗಿ ಕಾಯಬೇಡಿ, ಹೋದ ಜಾಗದಲ್ಲೇ ಉಂಡು ಮಲಗಿ ಸಿನಿಮಾ ಮುಗಿಸಿಕೊಂಡು ಬನ್ನಿ ಎಂಬ ಸೂತ್ರ ಅಲ್ಲಿಂದ ಗಟ್ಟಿಯಾಯಿತು. 'ದರ್ವಾಜಾ', 'ಔರ್ ಕೌನ್', 'ಗೆಸ್ಟ್ ಹೌಸ್', 'ಹೋಟೆಲ್', 'ದಹಶತ್' ಒಂದರ ಹಿಂದೊಂದು ಬಂದವು.

ಸಾಮ್ರಿ ಬಂದ ದಾರಿ

ಹಿಂದಿಯಲ್ಲಿ ಅದಕ್ಕೂ ಮೊದಲು ದೆವ್ವದ ಚಿತ್ರಗಳು ಇರಲಿಲ್ಲವೇ? ಇದ್ದವು. ಆದರೆ 1949ರ 'ಮಹಲ್', 1962ರ 'ಬೀಸ್ ಸಾಲ್ ಬಾದ್' ಮುಂತಾದವುಗಳಲ್ಲಿ ಕೊನೆಗೆ ಗೊತ್ತಾಗುವುದು ದೆವ್ವ ಇರಲೇ ಇಲ್ಲ, ಎಲ್ಲ ಮನುಷ್ಯರ ಕೆಲಸ ಎಂದು. ಎರಡೂವರೆ ಗಂಟೆ ಹೆದರಿಸಿ ಆಮೇಲೆ ಸುಳ್ಳು ಎಂದರೆ ಪ್ರೇಕ್ಷಕನಿಗೆ ಎಷ್ಟು ನಿರಾಸೆ! 1984ರ 'ಪುರಾನಾ ಮಂದಿರ್' ಆ ನಿರಾಸೆ ಮಾಡಲಿಲ್ಲ. ಇಲ್ಲಿ ಸಾಮ್ರಿ ನಿಜವಾದ ರಾಕ್ಷಸ. ರುಂಡ ಒಂದು ಕಡೆ ಪೆಟ್ಟಿಗೆಯಲ್ಲಿ, ಮುಂಡ ಇನ್ನೊಂದು ಕಡೆ ಹಳೇ ದೇವಸ್ಥಾನದ ಹಿಂದೆ. ಎರಡೂ ಸೇರಿದ ದಿನ ರಾಜಮನೆತನಕ್ಕೆ ಉಳಿಗಾಲವಿಲ್ಲ.

ಅಂದಹಾಗೆ, ಕಥೆಯಲ್ಲಿ ಈ ಹವೇಲಿ ಇರುವ ಊರಿನ ಹೆಸರು ಬಿಜಾಪುರ. ಗೋಲಗುಮ್ಮಟ ಹುಡುಕಿದರೆ ಸಿಗುವುದಿಲ್ಲ. ಅದು ಸಿನಿಮಾದ ಬಿಜಾಪುರ, ಕೊಂಕಣ ಕರಾವಳಿಯ ಮುರುಡ್‌ನಲ್ಲಿರುವ ನವಾಬರ ಅರಮನೆಯೇ ಅಲ್ಲಿ ಹವೇಲಿಯಾಗಿದೆ.

ಸಾಮ್ರಿಯ ಪಾತ್ರ ಮಾಡಿದ್ದು ಅನಿರುದ್ಧ್ ಅಗರ್‌ವಾಲ್. ರೂರ್ಕಿಯಲ್ಲಿ ಓದಿದ ಸಿವಿಲ್ ಎಂಜಿನಿಯರ್. ಎತ್ತರದ ಮೈಕಟ್ಟು, ಒಮ್ಮೆ ನೋಡಿದರೆ ಮರೆಯಲಾಗದ ಮುಖ. ಮೋಹನೀಶ್ ಬೆಹಲ್, ಆರತಿ ಗುಪ್ತಾ, ಪುನೀತ್ ಇಸ್ಸಾರ್ ಚಿತ್ರದಲ್ಲಿದ್ದರೂ ಜನ ನೋಡಲು ಬಂದಿದ್ದು ಸಾಮ್ರಿಯನ್ನು. ಚಿತ್ರ ಆ ವರ್ಷದ ದೊಡ್ಡ ಹಿಟ್‌ಗಳಲ್ಲಿ ಒಂದಾಯಿತು.

ಇದರ ರಚನೆ ಗಮನಿಸಿ. ಒಂದು ಭಯಾನಕ ದೃಶ್ಯ, ಅದರ ಬೆನ್ನಿಗೇ ಹಾಡು. ಇನ್ನೊಂದು ಕೊಲೆ, ಅದರ ಬೆನ್ನಿಗೇ ಜಗದೀಪ್ ಕಾಮಿಡಿ. ಅದೂ 'ಶೋಲೆ'ಯ ಅಣಕು. ಕಥೆಗೂ ಇದಕ್ಕೂ ಸಂಬಂಧವೇ ಇಲ್ಲ ಎಂದು ವಿಮರ್ಶಕರು ಮೂಗು ಮುರಿದರು. ಆದರೆ ಈ ಕಲಬೆರಕೆ ಸುಮ್ಮನೆ ಆದದ್ದಲ್ಲ.

ಸುಳ್ಳೆಂದು ಗೊತ್ತಿದ್ದೂ ಹೆದರುವುದು ಯಾಕೆ?

ಭಯವಾದಾಗ ಹೃದಯ ಬಡಿತ ಏರುತ್ತದೆ, ಅಂಗೈ ಬೆವರುತ್ತದೆ, ಅಡ್ರಿನಲಿನ್ ಹರಿಯುತ್ತದೆ. ದೃಶ್ಯ ಮುಗಿದ ಕೂಡಲೇ ಇದೆಲ್ಲ ಸ್ವಿಚ್ ಆಫ್ ಮಾಡಿದಂತೆ ನಿಲ್ಲುವುದಿಲ್ಲ. ಆ ಉದ್ವೇಗ ಇನ್ನೂ ಮೈಯಲ್ಲಿರುವಾಗ ಬರುವ ಮುಂದಿನ ಭಾವನೆ, ಅದು ನಗುವಾಗಲಿ ನಿರಾಳವಾಗಲಿ, ಹೆಚ್ಚು ಜೋರಾಗಿ ಅನುಭವಕ್ಕೆ ಬರುತ್ತದೆ ಎಂಬ ಸಿದ್ಧಾಂತವನ್ನು ಮನಃಶಾಸ್ತ್ರಜ್ಞ ಡಾಲ್ಫ್ ಜಿಲ್‌ಮನ್ ಮಂಡಿಸಿದ್ದಾರೆ. ಹೆದರಿದ ಮೇಲೆ ಸಾಧಾರಣ ಜೋಕಿಗೂ ಹೊಟ್ಟೆ ಹುಣ್ಣಾಗುವಂತೆ ನಗು ಬರುವುದು ಇದಕ್ಕೇ ಇರಬಹುದು. ರಾಮ್ಸೆಗಳಿಗೆ ಈ ಸಿದ್ಧಾಂತದ ಹೆಸರು ಬೇಕಿರಲಿಲ್ಲ. ಚಿತ್ರಮಂದಿರದ ಹಿಂದಿನ ಸಾಲಿನಲ್ಲಿ ನಿಂತು ನೋಡಿದವರಿಗೆ ಅದು ತಾನಾಗಿಯೇ ಗೊತ್ತಾಗುತ್ತದೆ.

ಆದರೆ ಎಲ್ಲಕ್ಕಿಂತ ಮುಖ್ಯವಾದ ಷರತ್ತು ಒಂದಿದೆ. ನಾವು ಸುರಕ್ಷಿತವಾಗಿದ್ದೇವೆ ಎಂಬ ಖಾತ್ರಿ ಒಳಗೊಳಗೇ ಇರಬೇಕು. ಆ ಖಾತ್ರಿ ಇಲ್ಲದ ಭಯ ಮನರಂಜನೆಯಲ್ಲ, ಸಂಕಟ. ಅಗ್ಗದ ಹಾರರ್ ಗೆಲ್ಲುವುದು ಇಲ್ಲೇ. ಕೃತಕ ಮುಖ, ಬಣ್ಣದ ನೀರಿನಂಥ ರಕ್ತ, ತಂತಿಯಲ್ಲಿ ತೂಗುವ ಬಾವಲಿ ಎಲ್ಲವೂ 'ಇದು ಆಟ, ಹೆದರು ಪರವಾಗಿಲ್ಲ' ಎಂದು ಹೇಳುತ್ತಲೇ ಇರುತ್ತವೆ. ಕೊರತೆ ಎಂದು ನಾವು ಅಂದುಕೊಳ್ಳುವುದೇ ಪ್ರೇಕ್ಷಕನ ಕೈಯಲ್ಲಿರುವ ಹಗ್ಗ.

ಯಕ್ಷಗಾನ ನೋಡಿ ಬೆಳೆದವರಿಗೆ ಇದನ್ನು ವಿವರಿಸಿ ಹೇಳಬೇಕಿಲ್ಲ. ತೆಂಕುತಿಟ್ಟಿನ ಬಣ್ಣದ ವೇಷ ರಂಗಕ್ಕೆ ಬರುವ ಮೊದಲೇ ಆರ್ಭಟ ಕೇಳುತ್ತದೆ. ನಿದ್ದೆಗಣ್ಣಿನ ಮಕ್ಕಳು ಅಮ್ಮನ ಸೆರಗಿನೊಳಗೆ ಸೇರಿಕೊಳ್ಳುತ್ತಾರೆ. ಮುಖದ ಮೇಲಿನ ಮುಳ್ಳುಮುಳ್ಳು ಚಿಟ್ಟಿ ಅಕ್ಕಿ ಹಿಟ್ಟು, ಸುಣ್ಣದ್ದು ಎಂದು ಎಲ್ಲರಿಗೂ ಗೊತ್ತು. ಒಳಗಿರುವ ಕಲಾವಿದ ಯಾರು ಎಂಬುದೂ ಗೊತ್ತು. ಆದರೂ ಭಯವಾಗುತ್ತದೆ, ಮತ್ತು ಆ ಭಯ ಬೇಕೆನಿಸುತ್ತದೆ. ಭಯಾನಕ, ಬೀಭತ್ಸಗಳನ್ನು ನಾಟ್ಯಶಾಸ್ತ್ರ ರಸಗಳ ಪಟ್ಟಿಯಲ್ಲಿ ಸೇರಿಸಿದ್ದು ಸುಮ್ಮನೆ ಅಲ್ಲ. ನಿಜವಾಗಿ ಕಾಣಿಸಬೇಕು ಎಂಬ ಹಟ ಅಲ್ಲಿಲ್ಲ. ನೋಡುವವನೂ ಅರ್ಧ ಕೆಲಸ ಮಾಡಬೇಕು.

ಕೋಟಿಗಟ್ಟಲೆ ಸುರಿದು ಮಾಡಿದ ಗ್ರಾಫಿಕ್ಸ್ ದೆವ್ವ ಈ ಅರ್ಧ ಕೆಲಸವನ್ನು ನಮ್ಮಿಂದ ಕಿತ್ತುಕೊಳ್ಳುತ್ತದೆ. ಎಲ್ಲವನ್ನೂ ಅದೇ ತೋರಿಸಿಬಿಟ್ಟರೆ ನಮಗೆ ಕಲ್ಪಿಸಿಕೊಳ್ಳಲು ಉಳಿಯುವುದೇನು?

ಯಾರಿಗಾಗಿ ಮಾಡಿದ ಸಿನಿಮಾ?

ಎಂಬತ್ತರ ದಶಕದಲ್ಲಿ ಟಿವಿ, ವಿಡಿಯೋ ಕ್ಯಾಸೆಟ್ ಬಂದ ಮೇಲೆ ನಗರದ ಮಧ್ಯಮ ವರ್ಗ ಚಿತ್ರಮಂದಿರದಿಂದ ದೂರ ಸರಿಯಿತು. ಉಳಿದವರು ಯಾರು? ಪಾಳಿ ಮುಗಿಸಿ ರಾತ್ರಿ ಆಟಕ್ಕೆ ಬರುವ ಕಾರ್ಮಿಕರು, ಊರು ಬಿಟ್ಟು ನಗರ ಸೇರಿದ ಒಂಟಿ ಗಂಡಸರು, ಸಣ್ಣ ಪಟ್ಟಣಗಳ ಯುವಕರು. ಸಿನಿಮಾ ವ್ಯಾಪಾರದ ಭಾಷೆಯಲ್ಲಿ ಇವು 'ಬಿ' ಮತ್ತು 'ಸಿ' ಕೇಂದ್ರಗಳು. ಹಿಂದಿ ಚಿತ್ರೋದ್ಯಮ ದೇಶವನ್ನು ಹಂಚಿಕೆಗಾಗಿ ಪ್ರಾಂತ್ಯಗಳಾಗಿ ವಿಂಗಡಿಸಿಕೊಂಡಿದೆ. ಅದರಲ್ಲಿ 'ನಿಜಾಮ್', 'ಮೈಸೂರು' ಎಂಬ ಹಳೇ ಹೆಸರುಗಳು ಇವತ್ತಿಗೂ ಚಾಲ್ತಿಯಲ್ಲಿವೆ. ಇಂಥ ಪ್ರಾಂತ್ಯಗಳ ಸಣ್ಣ ಊರುಗಳ ಚಿತ್ರಮಂದಿರಗಳೇ ಹಾರರ್ ಚಿತ್ರಗಳ ಆಸ್ತಿ.

ಆ ಪ್ರೇಕ್ಷಕನಿಗೆ ರಾಮ್ಸೆಗಳು ಕೊಟ್ಟಿದ್ದು ಒಂದೇ ಮಾತು: ಪೋಸ್ಟರ್‌ನಲ್ಲಿ ರಾಕ್ಷಸ ಇದ್ದರೆ ಪರದೆಯ ಮೇಲೂ ಇರುತ್ತಾನೆ. ಆ ಮಾತು ತಪ್ಪಲಿಲ್ಲ. ಸಂದೇಶ ಕೊಡಲಿಲ್ಲ, ನೋಡುವವನ ಅಭಿರುಚಿ ತಿದ್ದಲು ಹೋಗಲಿಲ್ಲ. ದಿನವಿಡೀ ಬೇರೆಯವರ ಮಾತು ಕೇಳಿ ಬಂದವನಿಗೆ ಚಿತ್ರಮಂದಿರದಲ್ಲಿ ಕಿರುಚಲು, ಶಿಳ್ಳೆ ಹಾಕಲು, ತೆರೆಯ ಮೇಲಿನವರಿಗೆ 'ಹಿಂದೆ ನೋಡೋ' ಎಂದು ಕೂಗಲು ಅವಕಾಶ ಇತ್ತು. ಈಗಿನ ಮಲ್ಟಿಪ್ಲೆಕ್ಸ್‌ನಲ್ಲಿ ಹಾಗೆ ಕೂಗಿ ನೋಡಿ!

ತಮ್ಮ ಬಗ್ಗೆ ತಾವೇ ನಗುವ ಗುಣವೂ ಈ ಚಿತ್ರಗಳಿಗಿತ್ತು. 1988ರ 'ವೀರಾನಾ'ದಲ್ಲಿ ಸತೀಶ್ ಶಾ ಮಾಡಿದ್ದು ದೆವ್ವದ ಸಿನಿಮಾ ಹುಚ್ಚು ಹಿಡಿದ ವ್ಯಕ್ತಿಯ ಪಾತ್ರ. ಆತನ ಹೆಸರು ಹಿಚ್‌ಕಾಕ್!

ಮರೆಯಬಾರದ ಇನ್ನೊಂದು ಮುಖ

ಹಳೆಯದೆಲ್ಲ ಚಂದ ಎಂದು ಹೊಗಳಿ ಮುಗಿಸುವಂತಿಲ್ಲ. ಎಕ್ಸ್‌ಪ್ಲಾಯ್ಟೇಷನ್ ಎಂಬ ಪದದಲ್ಲೇ ಶೋಷಣೆಯ ಅರ್ಥವಿದೆ. ಇಲ್ಲಿ ಮಾರಾಟಕ್ಕಿದ್ದದ್ದು ಭಯ ಮಾತ್ರವಲ್ಲ, ಹೆಣ್ಣಿನ ಮೈಯೂ ಹೌದು. ಕಥೆಗೆ ಬೇಕಿಲ್ಲದ ಸ್ನಾನದ ದೃಶ್ಯ ಈ ಸೂತ್ರದ ಭಾಗವೇ ಆಗಿತ್ತು. ಮೊದಲು ಕ್ಯಾಮೆರಾ ಅವಳನ್ನು ಆಸೆಯಿಂದ ನೋಡುತ್ತದೆ, ಮರುಕ್ಷಣ ರಾಕ್ಷಸ ಅವಳನ್ನು ಕೊಲ್ಲುತ್ತಾನೆ. ಆಸೆ ತೋರಿಸಿದ ಹೆಣ್ಣಿಗೆ ಶಿಕ್ಷೆ, ಆಸೆಪಟ್ಟು ನೋಡಿದ ಗಂಡಿಗೆ ಮನರಂಜನೆ. ಹಾಲಿವುಡ್‌ನ ಅದೆಷ್ಟೋ ಹಾರರ್ ಚಿತ್ರಗಳಲ್ಲೂ ಇದೇ ಕಥೆ.

ಮಾಂತ್ರಿಕ ಎಂದರೆ ಕಪ್ಪು ಮೈ, ಕೆದರಿದ ಕೂದಲು, ಕಾಡಿನ ವೇಷ ಎಂಬ ಚಿತ್ರಣ ಇನ್ನೊಂದು ಸಮಸ್ಯೆ. ಯಾರನ್ನು ಕಂಡರೆ ಹೆದರಬೇಕು ಎಂದು ಹೇಳಿಕೊಡುವ ಸಿನಿಮಾ ಯಾರನ್ನು ದೂರ ಇಡಬೇಕು ಎಂಬುದನ್ನೂ ಸದ್ದಿಲ್ಲದೆ ಹೇಳಿಕೊಡುತ್ತದೆ.

ರಾಮ್ಸೆಗಳ ಯಶಸ್ಸು ಕಂಡು ಬಂದ ಸಣ್ಣ ಸಣ್ಣ ನಿರ್ಮಾಪಕರ ಲೋಕ ಇನ್ನೂ ಕತ್ತಲೆಯದ್ದು. ಕೆಲವು ಕಡೆ ಸಿನಿಮಾದ ನಡುವೆ ಬೇರೆಲ್ಲೋ ತೆಗೆದ ಅಶ್ಲೀಲ ತುಣುಕು ಸೇರಿಸಿ ತೋರಿಸುವ ದಂಧೆಯೂ ನಡೆಯುತ್ತಿತ್ತು. ಮುಂಬೈನ ಆ ಲೋಕದಲ್ಲಿ ಕೆಲಸಕ್ಕಾಗಿ ಅಲೆಯುವ ಹುಡುಗಿಯರ ಪಾಡೇನು ಎಂಬುದನ್ನು ಆಶಿಮ್ ಅಹ್ಲುವಾಲಿಯಾ ಅವರ 2012ರ ಚಿತ್ರ 'ಮಿಸ್ ಲವ್ಲಿ' ತೋರಿಸುತ್ತದೆ. ನವಾಜುದ್ದೀನ್ ಸಿದ್ದಿಕಿ ಅಭಿನಯದ ಈ ಚಿತ್ರ ಕಾನ್ ಚಿತ್ರೋತ್ಸವದಲ್ಲಿ ಪ್ರದರ್ಶನ ಕಂಡಿತ್ತು. ರಾಮ್ಸೆ ಚಿತ್ರ ನೋಡಿ ನಕ್ಕವರು ಇದನ್ನೂ ನೋಡಬೇಕು.

ಕನ್ನಡದಲ್ಲೂ ಇದೇ ಪಾಠ

ಕಡಿಮೆ ಖರ್ಚಿನ ಭಯ ಕನ್ನಡಕ್ಕೂ ಹೊಸದಲ್ಲ. 1993ರಲ್ಲಿ ಉಪೇಂದ್ರ ನಿರ್ದೇಶಿಸಿದ 'ಶ್!' ಚಿತ್ರದಲ್ಲಿ ದೆವ್ವದ ಜೊತೆ ಸಿನಿಮಾ ಶೂಟಿಂಗ್ ತಂಡವೇ ಕಥೆಯ ಭಾಗ. 2013ರ '6-5=2' ಚಿತ್ರದಲ್ಲಿ ತಾರೆಯರೇ ಇಲ್ಲ. ಟ್ರೆಕ್ಕಿಂಗ್ ಹೋದ ಗೆಳೆಯರ ಕ್ಯಾಮೆರಾದಲ್ಲಿ ಸಿಕ್ಕ ದೃಶ್ಯ ಎಂಬಂತೆ ಕಥೆ ಹೇಳಿ ಚಿತ್ರ ಗೆದ್ದಿತು, ಮರುವರ್ಷವೇ ಅದೇ ಹೆಸರಿನಲ್ಲಿ ಹಿಂದಿಗೂ ಹೋಯಿತು. ಅಲುಗಾಡುವ ಕ್ಯಾಮೆರಾ ಇಲ್ಲಿ ದೋಷವಲ್ಲ, ನಂಬಿಸುವ ಉಪಾಯ.

ಎಲ್ಲಕ್ಕಿಂತ ಅಗ್ಗದ ಹಾರರ್ ಕಥೆ ಕೂಡ ನಮ್ಮದೇ. ಬೆಂಗಳೂರು ಸೇರಿದಂತೆ ಕರ್ನಾಟಕದ ಹಲವು ಕಡೆ ಮನೆ ಬಾಗಿಲ ಮೇಲೆ ಸೀಮೆಸುಣ್ಣದಲ್ಲಿ ಬರೆಯುತ್ತಿದ್ದ 'ನಾಳೆ ಬಾ' ನಿಮಗೆ ನೆನಪಿರಬಹುದು. ಎರಡೇ ಪದದ ಈ ಕಥೆಯೇ 2018ರಲ್ಲಿ ಹಿಂದಿಯ 'ಸ್ತ್ರೀ' ಚಿತ್ರಕ್ಕೆ ಸ್ಫೂರ್ತಿಯಾಯಿತು.

ಈಗ ಏನಾಗಿದೆ?

ರಾಮ್ಸೆಗಳ ದೊಡ್ಡ ಯುಗ 1990ರ 'ಬಂದ್ ದರ್ವಾಜಾ' ಹೊತ್ತಿಗೆ ಮುಗಿಯುತ್ತಾ ಬಂದಿತ್ತು. 1993ರಲ್ಲಿ ಅವರು 'ಝೀ ಹಾರರ್ ಶೋ' ಮೂಲಕ ಟಿವಿಗೆ ಬಂದರು. 1997ರಲ್ಲಿ ದೆಹಲಿಯ ಸಾಕೇತ್‌ನಲ್ಲಿ ಮಲ್ಟಿಪ್ಲೆಕ್ಸ್ ಬಂತು, ನಂತರ ಒಂದೊಂದೇ ಏಕಪರದೆ ಚಿತ್ರಮಂದಿರಗಳು ಮುಚ್ಚಿದವು. 2002ರ 'ರಾಝ್', 2003ರ 'ಭೂತ್' ನಂತರ ಹಾರರ್ ದೊಡ್ಡ ಬ್ಯಾನರ್‌ಗಳ ಸರಕಾಯಿತು. ತುಳಸಿ ರಾಮ್ಸೆ 2018ರಲ್ಲಿ, ಶ್ಯಾಮ್ 2019ರಲ್ಲಿ, ಕುಮಾರ್ 2021ರಲ್ಲಿ, ಗಂಗು 2024ರಲ್ಲಿ ತೀರಿಕೊಂಡರು.

ವಿಚಿತ್ರವೆಂದರೆ ಈ ಚಿತ್ರಗಳನ್ನು ಜೋಪಾನ ಮಾಡಲು ಮುಂದೆ ಬಂದವರಲ್ಲಿ ವಿದೇಶಿಯರೂ ಇದ್ದಾರೆ. 'ಮೊಂಡೋ ಮಕಾಬ್ರೋ' ಎಂಬ ಸಂಸ್ಥೆ ಇವುಗಳನ್ನು ಮೊದಲು ಡಿವಿಡಿ, ನಂತರ ಬ್ಲೂ-ರೇ ರೂಪದಲ್ಲಿ ಹೊರತಂದಿತು. 2023ರಲ್ಲಿ ಪ್ರೈಮ್ ವಿಡಿಯೋದಲ್ಲಿ ಬಂದ 'ಸಿನಿಮಾ ಮರ್ತೇ ದಮ್ ತಕ್' ಸರಣಿ, ಆ ಕಾಲದ ನಾಲ್ವರು ಸಣ್ಣ ಬಜೆಟ್ ನಿರ್ದೇಶಕರಿಗೆ ಮತ್ತೊಮ್ಮೆ ಸಿನಿಮಾ ಮಾಡುವ ಅವಕಾಶ ಕೊಟ್ಟು ಅದನ್ನೇ ದಾಖಲಿಸಿತು. ಅದನ್ನು ನೋಡಿದವರಿಗೆ ಒಂದು ಅರಿವಾಗುತ್ತದೆ. ನಾವು ಮೀಮ್ ಮಾಡಿ ನಗುವ ದೃಶ್ಯಗಳ ಹಿಂದೆ, ಸಿಕ್ಕಷ್ಟು ಹಣದಲ್ಲಿ ಸಿನಿಮಾ ಮುಗಿಸಲೇಬೇಕೆಂದು ಒದ್ದಾಡಿದ ಜನರಿದ್ದರು.

ಎಲ್ಲಿಂದ ಶುರು ಮಾಡಬೇಕು?

ಇದುವರೆಗೆ ಒಂದೂ ನೋಡಿಲ್ಲ ಎನ್ನುವವರು 'ಪುರಾನಾ ಮಂದಿರ್'ನಿಂದ ಶುರು ಮಾಡಿ. ಸೂತ್ರದ ಎಲ್ಲ ಭಾಗಗಳೂ ಅದರಲ್ಲಿವೆ. ಬಪ್ಪಿ ಲಹಿರಿ ಸಂಗೀತ, ಬಣ್ಣಬಣ್ಣದ ಬೆಳಕು, ಮೋಹಿನಿ ಕಥೆ ಇಷ್ಟವಿದ್ದರೆ 'ವೀರಾನಾ'. ಡ್ರಾಕುಲಾ ಭಾರತಕ್ಕೆ ಬಂದರೆ ಹೇಗಿರುತ್ತದೆ ಎಂಬ ಕುತೂಹಲವಿದ್ದರೆ 'ಬಂದ್ ದರ್ವಾಜಾ'. ಅಲ್ಲೂ ರಾಕ್ಷಸನಾಗಿ ಇರುವುದು ಅನಿರುದ್ಧ್ ಅಗರ್‌ವಾಲ್ ಅವರೇ. ಇವು ದೊಡ್ಡವರಿಗಾಗಿ ಮಾಡಿದ ಚಿತ್ರಗಳು, ಮಕ್ಕಳ ಜೊತೆ ಬೇಡ.

ಇನ್ನೊಂದು ಸಲಹೆ: ಒಬ್ಬರೇ ಕುಳಿತು ಮೊಬೈಲ್‌ನಲ್ಲಿ ನೋಡಬೇಡಿ. ನಾಲ್ಕು ಜನ ಗೆಳೆಯರನ್ನು ಕರೆಯಿರಿ, ದೀಪ ಆರಿಸಿ. ಪಕ್ಕದಲ್ಲಿ ಕುಳಿತವರೂ ಕಿರುಚಿದಾಗಲೇ ಈ ಸಿನಿಮಾಗಳು ಪೂರ್ತಿಯಾಗುವುದು.